ಕಣ್ಣವ್ವನ ಗುಡ್ಡ

ಹಿರೇಕಲ್ಲಾಪುರದ ಪಡುವಣಕ್ಕೆ, ಬೂದುಬಣ್ಣದ ಹಾಸುಗಲ್ಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವುದೇ ಕಣ್ಣವ್ವನ ಗುಡ್ಡ. ಮನುಷ್ಯರು ಹುಟ್ಟುವ ಮೊದಲು ಇಲ್ಲಿ ಕಡಲಿತ್ತು, ಅದರ ತಳದಲ್ಲಿ ಕೂತ ಬಿಳಿ ಕೆಸರೇ ಪದರುಗಟ್ಟಿ ಸುಣ್ಣದ ಕಲ್ಲಾಯಿತು ಎನ್ನುತ್ತಾರೆ. ಮಳೆನೀರು ಆ ಕಲ್ಲನ್ನು ಕರಗಿಸುತ್ತ ಇಳಿದು ನಡುವೆ ಒಂದು ಗವಿ ಕೊರೆದಿದೆ. ಕರಗಿದ್ದು ಚಾವಣಿಯಿಂದ ತೊಟ್ಟಿಕ್ಕಿ, ಮತ್ತೆ ಕಲ್ಲಾಗಿ ಇಳಿಬಿದ್ದಿದೆ.

ಹಿಂದೆ ಒಮ್ಮೆ ಈ ಸೀಮೆಯ ದೇಸಾಯಿ, ಮಗಳ ಮದುವೆಗೆ ವಾಡೆಯ ಗೋಡೆಗಳಿಗೆಲ್ಲ ಸುಣ್ಣದ ಹೊಸ ಗಚ್ಚು ಹಾಕಿಸಬೇಕೆಂದ. ಕಲ್ಲು ಸುಟ್ಟು ಸುಣ್ಣ ಮಾಡುವ ಸುಣಗಾರ ಚಂದಪ್ಪ ಹುಣ್ಣಿಮೆಯೊಳಗೆ ಮುಗಿಸುವುದಾಗಿ ಮಾತು ಕೊಟ್ಟುಬಂದ. ಅವನ ಹೆಂಡತಿ ನಿಂಬೆವ್ವ ಒಪ್ಪಲಿಲ್ಲ. ಭಟ್ಟಿಯಲ್ಲಿ ಸುಟ್ಟ ಕಲ್ಲು ನೀರು ಬಿದ್ದರೆ ಕುದಿಯುತ್ತದೆ. ಅದಕ್ಕೆ ಸ್ವಲ್ಪಸ್ವಲ್ಪವೇ ನೀರುಣಿಸಿ ನಿಧಾನಕ್ಕೆ ಅರಳಿಸಿ, ತಿಂಗಳುಗಟ್ಟಲೆ ಗುಂಡಿಯಲ್ಲಿ ತಣಿಯಲು ಬಿಡದಿದ್ದರೆ ಗೋಡೆಯ ಮೇಲೆ ಸಿಡಿಯುತ್ತದೆ ಎಂದು ಹೇಳಿ ಹೇಳಿ ಸೋತಳು. ಅವನಿಗೂ ಗೊತ್ತಿದ್ದ ಮಾತೇ. ಆದರೆ ದೇಸಾಯಿಯ ಕೈಯಿಂದ ಮರ್ಯಾದೆಯ ರುಮಾಲು ಸುತ್ತಿಸಿಕೊಳ್ಳುವ ಆಸೆ ತಲೆಗೇರಿತ್ತು. ಅವಸರದಲ್ಲಿ ಕೊಡಗಟ್ಟಲೆ ನೀರನ್ನು ಒಮ್ಮೆಲೇ ಸುರಿದ. ಗುಂಡಿ ಉಕ್ಕಿ ಸಿಡಿದು, ಅಂಚಿನಲ್ಲಿ ನಿಂತು ಕಲಕುತ್ತಿದ್ದ ನಿಂಬೆವ್ವನ ಎರಡೂ ಕಣ್ಣು ಸುಟ್ಟುಹೋದವು.

ಆದರೂ ಗಚ್ಚು ಗೋಡೆಗೇರಿತು. ಮದುವೆಯ ದಿನವೇ ಅದು ಬೊಕ್ಕೆಯೆದ್ದು, ಬೀಗರ ತಲೆಯ ಮೇಲೆ ಹಕ್ಕಳೆ ಹಕ್ಕಳೆಯಾಗಿ ಉದುರಿತು. ದೇಸಾಯಿ ಇಬ್ಬರನ್ನೂ ಕರೆಸಿ ವಿಚಾರಿಸಿದಾಗ ಚಂದಪ್ಪ ಹೆಂಡತಿಯತ್ತ ಕೈ ತೋರಿಸಿದ.

"ಇಕಿ ಕೈಗುಣ ಛಲೋ ಇಲ್ಲರಿ, ಧಣ್ಯಾರ. ಇಕಿ ಮುಟ್ಟಿದ್ದಕ್ಕ ಹಿಂಗಾತು."

ನಿಂಬೆವ್ವ ಆ ಮಾತು ಕೇಳಿಸಿಕೊಂಡಳು. ದೇಸಾಯಿಯ ಆಳುಗಳು ಅವಳನ್ನು ಊರು ಬಿಡಿಸಿ ಗುಡ್ಡದ ಗವಿಯಲ್ಲಿ ಬಿಟ್ಟುಬಂದರು. ದನ ಕಾಯುವವರು ಕೊಟ್ಟ ರೊಟ್ಟಿಯಲ್ಲಿ ಅವಳ ಜೀವ ಉಳಿಯಿತು. ಚಂದಪ್ಪ ಇನ್ನೊಂದು ಮದುವೆಯಾದ.

ಎಷ್ಟೋ ವರ್ಷಗಳ ಮೇಲೆ ಭಟ್ಟಿಯ ಹೊಗೆಗೆ ಚಂದಪ್ಪನ ಕಣ್ಣುಗಳೂ ಕೀವುಗಟ್ಟಿ ಮಂಜಾದವು. ಗವಿಯಲ್ಲಿ ನಿಂಬೆವ್ವ ಹಿಡಿದು ಕೊಡುವ ಹನಿನೀರಿನಿಂದ ಕಣ್ಣುಬೇನೆ ವಾಸಿಯಾಗುತ್ತದೆಂದು ಕೇಳಿ ಗುಡ್ಡ ಹತ್ತಿದ. ತಾನು ಯಾರೆಂದು ಹೇಳದೆ, ದನಿ ಬದಲಿಸಿ ಬೇಡಿದ. ಅವನ ಕೆಮ್ಮಿನಲ್ಲೇ ಅವಳಿಗೆ ಗುರುತು ಹತ್ತಿತು. ನೀರಿನ ಬೋಗುಣಿ ಮುಂದೆ ಚಾಚಿದಳು.

"ತೊಳಕೋ. ಕಣ್ಣು ಬಂದರ ನನ್ನ ಮಾರಿ ನೋಡಬ್ಯಾಡ. ಹಂಗ ತಿರುಗಿ ಹೋಗು."

ಅವನ ಕಣ್ಣು ತಿಳಿಯಾದವು. ಅವನು ಹಾಗೆಯೇ ತಿರುಗಿ ಹೋದ. ಅವಳು ತೀರಿಕೊಂಡ ಮೇಲೆ, ಗವಿಯಲ್ಲಿ ಕಣ್ಣವ್ವ ನೆಲೆಸಿದ್ದಾಳೆಂದು ಊರೂರಿಗೆ ಸಾರಿದವನೂ ಅವನೇ ಎನ್ನುತ್ತಾರೆ. ನಿಂಬೆವ್ವ ಎಂಬ ಹೆಸರು ಮಾತ್ರ ಅವನ ಬಾಯಿಂದ ಬರಲಿಲ್ಲ.

ಇಂದಿಗೂ ಕಣ್ಣುಬೇನೆಯವರು ಬಂದು ಬೆಳ್ಳಿಯ ಕಣ್ಣು ಅರ್ಪಿಸಿ ಹೋಗುತ್ತಾರೆ. ಪೂಜೆಯ ಹಕ್ಕು, ಕಾಣಿಕೆ ಎರಡೂ ಚಂದಪ್ಪನ ಎರಡನೆಯ ಹೆಂಡತಿಯ ಸಂತತಿಯವರದು. ವರ್ಷಕ್ಕೊಮ್ಮೆ ಅವರು ಗವಿಯೊಳಗಿನ ಕಣ್ಣವ್ವನ ಮೂರ್ತಿಯನ್ನು ತೊಳೆದು, ಅಡಿಯಿಂದ ಮುಡಿಯವರೆಗೆ ಹೊಸ ಸುಣ್ಣ ಬಳಿಯುತ್ತಾರೆ, ಕಣ್ಣುಗಳನ್ನೂ ಬಿಡದೆ.