ಗಾಣದ ಮನೆಯಿಂದ ಬಂದ ಎತ್ತು

“ಮೊಬೈಲಿನಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ ಇದ್ದರೇನು, ಗುರುಗಳೇ? ಎಲ್ಲದರಲ್ಲೂ ಮಾತಾಡಬಹುದಲ್ಲ?” ಎಂದು ಅಡವೀಶ ಕೇಳಿದ.

ಕೇಳುವಾಗ ಅವನ ಒಂದು ಕಾಲು ಹೊಸ್ತಿಲ ಒಳಗಿತ್ತು, ಇನ್ನೊಂದು ಹೊರಗೆ. ಅವನ ತಾಯಿಗೆ ಸಕ್ಕರೆ ಕಾಯಿಲೆ. ಹೋದ ವಾರ ಸಕ್ಕರೆ ಇಳಿದು, ಒಲೆಯ ಮುಂದೆ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಡಾಕ್ಟರು ಅವರ ತೋಳಿಗೆ ಬಿಲ್ಲೆಯಂಥದೊಂದನ್ನು ಅಂಟಿಸಿ, “ಸಕ್ಕರೆ ಇಳಿದರೆ ಇದು ಮೊಬೈಲಿಗೆ ಹೇಳುತ್ತದೆ, ಮೊಬೈಲು ಕೂಗುತ್ತದೆ. ಬೇಗ ಒಂದು ಕೊಳ್ಳಿ” ಎಂದಿದ್ದರು. ಅಡವೀಶ ಮೂರು ಅಂಗಡಿ ತಿರುಗಿ ನೀಲಿ ಬಣ್ಣದ್ದೊಂದನ್ನು ತೆಗೆದಿಡಿಸಿದ್ದ. ಯಾವ ಆಪರೇಟಿಂಗ್ ಸಿಸ್ಟಮ್ ಬೇಕು ಎಂದು ಅಂಗಡಿಯವಳು ಕೇಳಿದ್ದು ಅವನಿಗೆ ಅಧಿಕಪ್ರಸಂಗ ಅನ್ನಿಸಿತ್ತು. ಹೊಸದೇನು ಕೊಂಡರೂ ಗುರುಗಳಿಗೆ ಹೇಳಿ ಕೊಳ್ಳುವುದು ಅವನ ಮನೆಯ ಪದ್ಧತಿ. ಹೇಳಿ ಮುಗಿದರೆ ನಾಲ್ಕೂವರೆಯ ಬಸ್ಸು ಸಿಗುತ್ತಿತ್ತು.

“ಕೂತುಕೋ” ಎಂದರು ಗುರುಗಳು. ಅವರ ಬಳಿ ಮೊಬೈಲ್ ಇರಲಿಲ್ಲ; ಆದ್ದರಿಂದ ಆತುರವೂ ಇರಲಿಲ್ಲ.

ಅಡವೀಶ ಕೂತ. ಮೊಣಕಾಲು ಮಾತ್ರ ಅಲ್ಲಾಡುತ್ತಲೇ ಇತ್ತು.

“ಒಬ್ಬ ಒಂಟೆತ್ತಿನ ಗಾಡಿಯವನು ಒಂದು ಎತ್ತು ಕೊಂಡ. ಬಣ್ಣ ನೋಡಿದ, ಕೊಂಬು ನೋಡಿದ, ಬಾಯಿ ಬಿಡಿಸಿ ಹಲ್ಲು ನೋಡಿದ. ಇದುವರೆಗೆ ಇದು ಏನು ಕೆಲಸ ಮಾಡುತ್ತಿತ್ತು ಎಂದು ಕೇಳಲಿಲ್ಲ. ಮರುದಿನ ಮದುಮಗನನ್ನು ಕೂರಿಸಿಕೊಂಡು ಮದುವೆಗೆ ಹೊರಟ. ಊರಾಚೆಯ ಬಯಲಿನಲ್ಲಿ ಎತ್ತು ನಿಂತುಬಿಟ್ಟಿತು. ಬಾರುಕೋಲು ಬೀಸಿದ, ಕದಲಲಿಲ್ಲ.

“‘ಬಿಸಿಲಿಗೆ ಹೆದರಿದೆಯೇನೋ. ಕಣ್ಣಿಗೆ ಬಟ್ಟೆ ಕಟ್ಟಯ್ಯಾ’ ಎಂದು ಮದುಮಗ ತನ್ನ ಹೊಸ ಶಲ್ಯವನ್ನೇ ಕೊಟ್ಟ.

“ಕಟ್ಟಿದ್ದೇ ತಡ, ಎತ್ತು ಹೊರಟಿತು. ಒಳ್ಳೆಯ ನಡಿಗೆ. ಆದರೆ ಸುತ್ತು ಸುತ್ತಾಗಿ. ಅದು ಹತ್ತು ವರ್ಷ ಕಣ್ಣು ಕಟ್ಟಿಸಿಕೊಂಡು ಗಾಣ ತಿರುಗಿದ ಎತ್ತು. ಮುಹೂರ್ತ ಮೀರುವವರೆಗೆ ಮದುಮಗ ಒಂದೇ ಜಾಲಿಮರವನ್ನು ಮತ್ತೆ ಮತ್ತೆ ನೋಡಿದ. ಹೆಣ್ಣಿನ ಮನೆಯನ್ನು ನೋಡಲಿಲ್ಲ.”

ಅಡವೀಶ ನಕ್ಕುಬಿಟ್ಟ. ನಗುತ್ತಲೇ ಎದ್ದ.

“ಗಾಡಿಯವನು ದಡ್ಡ, ಬಿಡಿ. ನಾನು ಎಲ್ಲ ನೋಡಿಯೇ ಆರಿಸಿದ್ದೇನೆ. ಮೂರು ಕ್ಯಾಮೆರಾ ಇದೆ. ಹೊರಡಲೇ?”

“ಹೊರಡು. ನಿನ್ನ ತಾಯಿಯ ತೋಳಿನ ಬಿಲ್ಲೆ ಯಾವ ಸಿಸ್ಟಮ್ ಇರುವ ಮೊಬೈಲಿನ ಜೊತೆ ಮಾತಾಡುತ್ತದೆ ಎಂದು ವಿಚಾರಿಸಿದ್ದೀಯಲ್ಲ?”

ಚಪ್ಪಲಿಗೆ ಹೋದ ಕಾಲು ಅಲ್ಲೇ ನಿಂತಿತು.