ಓದುಗರ ಪುಟದ ನೀಲಗಂಗಮ್ಮ

೨೦೧೮ರ ನವೆಂಬರ್ ಹನ್ನೆರಡು, ಸೋಮವಾರ. ಒಣ ಬಿಸಿಲು, ಗಾಳಿಯಿರಲಿಲ್ಲ.

ಅಂದು ಮಧ್ಯಾಹ್ನ ಹೊಳೆಯ ದಂಡೆಯ ಆಶ್ರಮಕ್ಕೆ ಒಬ್ಬ ಹೆಣ್ಣುಮಗಳು ಬಂದಳು. ಐವತ್ತರ ಆಸುಪಾಸು. ಜಗುಲಿಯ ಮೇಲೆ ಕೂತಿದ್ದ ಗುರುಗಳಿಗೆ ನಮಸ್ಕಾರ ಮಾಡಿ ಕೇಳಿದಳು:

“ಅಜ್ಜಾರ, ನೀಲಗಂಗಮ್ಮನವ್ರು ಎಲ್ಲಿರ್ತಾರ್ರಿ?”

“ಯಾವ ನೀಲಗಂಗಮ್ಮ?”

“ನಿಮ್ಮ ಪತ್ರಿಕೆಗೆ ಪತ್ರ ಬರೀತಾರಲ್ರಿ, ಅವರು. ಹೆಸರಿನ ಕೆಳಗ ಬರೇ ‘ಆಚೆ ದಂಡೆ’ ಅಂತ ಹಾಕಿರ್ತೀರಿ. ಆಚೆ ದಂಡ್ಯಾಗ ಎರಡು ಊರು ಕೇಳಿ ಬಂದೆ. ಯಾರಿಗೂ ಗೊತ್ತಿಲ್ಲ.”

ಗುರುಗಳು ಆಕೆಗೆ ಕುಡಿಯಲು ನೀರು ಕೊಡಿಸಿ, ಎದ್ದು ಶಿಷ್ಯನ ಕೋಣೆಗೆ ಹೋದರು.

ಶಿಷ್ಯನ ಹೆಸರು ಪಂಚಾಕ್ಷರಿ. ಆಶ್ರಮದ ಮಾಸಪತ್ರಿಕೆಯ ಕೆಲಸವೆಲ್ಲ ಅವನದೇ. ಮುನ್ನೂರು ಜನ ಓದುತ್ತಿದ್ದ ಪತ್ರಿಕೆಯನ್ನು ಜಾಲತಾಣಕ್ಕೆ ಏರಿಸಿದವನು ಅವನು. ಪ್ರತಿ ಬರಹದ ಕೆಳಗೆ ಓದುಗರಿಗೆಂದು ಜಾಗ ಬಿಟ್ಟವನೂ ಅವನೇ. ನಾಲ್ಕು ತಿಂಗಳು ಆ ಜಾಗ ಬಣಗುಟ್ಟುತ್ತಿತ್ತು.

ಐದನೆಯ ತಿಂಗಳು ಅಲ್ಲಿಗೆ ನೀಲಗಂಗಮ್ಮನ ಪತ್ರ ಬಂತು; ಅಚ್ಚಿನ ಸಂಚಿಕೆಯ ಓದುಗರ ಪುಟಕ್ಕೂ ಅದೇ ಹೋಯಿತು. ಆಕೆ ಮನೆಯ ಸಂಗತಿಗಳನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದಳು. ಆಕೆಗೆ ಉತ್ತರ ಕೊಡಲು ಮೊದಲು ಹತ್ತು ಜನ ಬಂದರು, ಆಮೇಲೆ ನೂರು. ಮೂರು ವರ್ಷದಲ್ಲಿ ಓದುಗರು ಹನ್ನೊಂದು ಸಾವಿರವಾದರು. ಗುರುಗಳ ಲೇಖನದ ಕಡೆ ಕಣ್ಣು ಹಾಯಿಸದವರೂ ನೀಲಗಂಗಮ್ಮನನ್ನು ಬಿಡದೆ ಓದುತ್ತಿದ್ದರು. ಜನವರಿಯಿಂದ ಸಂಪಾದಕ ಎಂದು ತಮ್ಮ ಹೆಸರಿನ ಬದಲು ಪಂಚಾಕ್ಷರಿಯ ಹೆಸರು ಅಚ್ಚಾಗಲಿ ಎಂದು ಗುರುಗಳು ಹೇಳಿಯೂ ಆಗಿತ್ತು.

“ನೀಲಗಂಗಮ್ಮನ್ನ ನೋಡಾಕ ಒಬ್ಬಾಕಿ ಬಂದಾಳ,” ಎಂದರು ಗುರುಗಳು.

ಪಂಚಾಕ್ಷರಿ ಬಾಗಿಲ ಕಡೆ ನೋಡಿದ. “ಇಲ್ಲ ಅಂತ ಹೇಳ್ರಿ.”

“ಊರಾಗ ಇಲ್ಲ ಅಂತನೋ, ಭೂಮಿ ಮ್ಯಾಲೇ ಇಲ್ಲ ಅಂತನೋ?”

ಅವನು ತಲೆ ತಗ್ಗಿಸಿದ. “ನಿಮಗ ಗೊತ್ತಿತ್ತೇನ್ರಿ?”

“ಮೂರು ವರ್ಷ ಪತ್ರ ಬರದಾಳ. ಒಮ್ಮೆಯಾದ್ರೂ ‘ಹೋದ ತಿಂಗಳ ಸಂಚಿಕೆ ಮುಟ್ಟಿಲ್ಲ’ ಅಂತ ಬೈದಾಳೇನು? ಅಂಥಾ ಓದುಗರು ಎಲ್ಲಿರ್ತಾರೋ ತಮ್ಮಾ?”

“ಮತ್ತ ಸುಮ್ಮನ ಯಾಕಿದ್ರಿ?”

“ನಾನೂ ಓದತಿದ್ದೆ. ಚೊಲೋ ಇತ್ತು.”

“ಈಗ ಆಕಿಗೆ ಏನಂತ ಹೇಳ್ಲಿ?”

“ಆಕಿ ಕೇಳಾಕ ಬಂದಿದ್ದು ನನ್ನನ್ನಲ್ಲ, ನೀಲಗಂಗಮ್ಮನ್ನ. ಹೋಗು.”

ಹೆಣ್ಣುಮಗಳು ಕಂಬಕ್ಕೊರಗಿ ಕೂತಿದ್ದಳು. ಚೀಲದಿಂದ ಜುಲೈ ತಿಂಗಳ ಸಂಚಿಕೆ ತೆಗೆದು ಓದುಗರ ಪುಟ ಬಿಡಿಸಿದಳು. ಆ ತಿಂಗಳು ನೀಲಗಂಗಮ್ಮ ತನ್ನ ಮಗನ ವಿಷಯ ಬರೆದಿದ್ದಳು. ಅವನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ಸಾಕಿದ ಮಗ. ಅದನ್ನು ಅವನಿಗೆ ಹೇಳಿದೆ. ಸಿಟ್ಟಾಗಿ ಮನೆ ಬಿಟ್ಟ. ಕೆಲವು ದಿನ ಕಳೆದು ತಾನಾಗಿ ಬಂದ.

“ನನ್ನ ಮಗನೂ ಹಂಗೇ ರೀ,” ಎಂದಳು ಹೆಣ್ಣುಮಗಳು. “ಮೂರು ದಿನದ ಕೂಸು ತಂದು ಸಾಕೀನಿ. ಹೇಳೂ ಧೈರ್ಯ ಇರಲಿಲ್ಲ. ಇದನ್ನ ಓದಿ ಹೇಳಿದೆ. ಎದ್ದು ಹೋದ. ಪ್ಯಾಟ್ಯಾಗ ಒಂದು ಟೈರ್ ಅಂಗಡಿಯೊಳಗ ಅದಾನ. ಫೋನ್ ಮಾಡಿದ್ರ ಎತ್ತಂಗಿಲ್ಲ. ಇವತ್ತಿಗೆ ಎಂಬತ್ತೆರಡು ದಿನ ಆತು.”

ಆಕೆ ಒಂದು ಸಾಲಿನ ಮೇಲೆ ಬೆರಳಿಟ್ಟಳು.

“ಇಲ್ಲಿ ‘ಕೆಲವು ದಿನ’ ಅಂತ ಐತ್ರಿ. ಕೆಲವು ಅಂದ್ರ ಎಷ್ಟು? ಅಷ್ಟು ಕೇಳ್ಕೊಂಡು ಹೋಗೂಣಂತ ಬಂದೆ.”

ಪಂಚಾಕ್ಷರಿಯ ನಾಲಗೆಯ ತುದಿಗೆ ಒಂದು ಅಂಕಿ ಬಂತು. ನೂರು ಅಂದರೆ ಆಕೆ ಇನ್ನೂ ಹದಿನೆಂಟು ದಿನ ನೆಮ್ಮದಿಯಿಂದ ಇರುತ್ತಾಳೆ. ಆಮೇಲೆ?

“ಅವ್ವಾ, ಆ ಪತ್ರ ನಾನೇ ಬರದದ್ದು. ನೀಲಗಂಗಮ್ಮ ಅನ್ನಾಕಿ ಇಲ್ಲ.”

“ಆಕಿ ಮಗ?”

“ಅವನೂ ಇಲ್ಲ.”

“ತಾನಾಗಿ ಬಂದದ್ದು?”



ಹೆಣ್ಣುಮಗಳು ಅಳಲಿಲ್ಲ. ಸಂಚಿಕೆಯನ್ನು ಮಡಚಿ ಚೀಲಕ್ಕಿಟ್ಟಳು.

“ನಿಮಗೇನ್ರಿ, ಬರದ್ರಿ. ನಾ ಹೇಳಿಬಿಟ್ಟೆ,” ಎಂದಳು.

ಹೊರಡಲು ಎದ್ದು ಮತ್ತೆ ಅಂದಳು: “‘ಇಷ್ಟು ವರ್ಷ ಸುಮ್ಮನಿದ್ದಾಕಿ ಈಗ ಯಾರ ಮಾತು ಕೇಳಿ ಹೇಳಿದಿ’ ಅಂತ ಮಗ ಕೇಳಿದ್ದ. ನೀಲಗಂಗಮ್ಮ ಅಂತ ಹೇಳಿದ್ದೆ. ಈಗ ಅವನ ಮುಂದ ಅದೂ ಸುಳ್ಳಾತು. ನನ್ನ ಬಾಯಿಂದ ಇನ್ನೊಂದು ಹೇಳಿಸಬ್ಯಾಡ್ರಿ. ನೀವೇ ಹೋಗಿ ಹೇಳ್ರಿ.”

ಮರುದಿನ ಪಂಚಾಕ್ಷರಿ ಮೊದಲ ಬಸ್ಸಿಗೆ ಹೋಗಿ ಸಂಜೆಗೆ ಮರಳಿದ.

“ಹೊಡದನೇನು?” ಎಂದು ಕೇಳಿದರು ಗುರುಗಳು.

“ಹೊಡದಿದ್ರ ಚೊಲೋ ಇತ್ತು. ‘ಹಂಗಾದ್ರ ನಾ ಆಕಿ ಹೊಟ್ಯಾಗ ಹುಟ್ಟಿಲ್ಲ ಅನ್ನೂದೂ ಸುಳ್ಳೇನ್ರಿ?’ ಅಂತ ಕೇಳಿದ.”

“ನೀ ಏನಂದಿ?”

“ಅದು ಖರೇ ಅಂದೆ. ಅಲ್ಲೇ ನೆಲದ ಮ್ಯಾಲೆ ಕುಂತುಬಿಟ್ಟ. ಕುಂತಲ್ಲಿಂದನ ಕೇಳಿದ, ‘ಅವ್ವ ಅಷ್ಟು ದೂರ ಹೆಂಗ್ ಬಂದ್ಳು? ಆಕಿಗೆ ಬಸ್ಸು ಆಗಿಬರಂಗಿಲ್ಲ. ದಾರಿ ತುಂಬ ವಾಂತಿ ಮಾಡ್ಕೋತಾಳ’ ಅಂತ.”

“ಆಮ್ಯಾಲೆ?”

“ರವಿವಾರ ಮನಿಗೆ ಹೋಗ್ತೀನಿ ಅಂದ. ಹೋಗೂದಕ್ಕ ನನ್ನ ಕಡೆಯಿಂದ ಒಂದು ಕೇಳಿದ. ಕೊಟ್ಟು ಬಂದೆ.”

ಏನು ಕೊಟ್ಟೆ ಎಂದು ಗುರುಗಳು ಕೇಳಲಿಲ್ಲ.

ಸೋಮವಾರ ಹೆಣ್ಣುಮಗಳು ಆಶ್ರಮಕ್ಕೆ ಫೋನ್ ಮಾಡಿದಳು. “ಬಂದಾನ್ರಿ,” ಎಂದಷ್ಟೇ ಹೇಳಿ ಇಟ್ಟಳು.

ಡಿಸೆಂಬರ್ ಸಂಚಿಕೆಯ ಮೊದಲ ಪುಟದಲ್ಲೂ ಜಾಲತಾಣದಲ್ಲೂ ನಾಲ್ಕು ಸಾಲು ಬಂದವು: ‘ನೀಲಗಂಗಮ್ಮ ಎಂಬವರು ಇಲ್ಲ. ಅವರ ಹೆಸರಿನ ಪತ್ರಗಳನ್ನೆಲ್ಲ ಬರೆದವನು ನಾನು. ನಂಬಿದವರ ಮುಂದೆ ನಾನು ತಪ್ಪಿತಸ್ಥ. ಇನ್ನು ಆ ಪತ್ರಗಳು ಬರುವುದಿಲ್ಲ.’ ಕೆಳಗೆ ಪಂಚಾಕ್ಷರಿಯ ಹೆಸರು.

ಸಂಜೆಯೊಳಗೆ ಓದುಗರ ಜಾಗ ತುಂಬಿಹೋಯಿತು. ಕಳ್ಳ ಎಂದರು. ಯಾರೋ ಹಿಡಿದಿರಬೇಕು, ಇಲ್ಲದಿದ್ದರೆ ಇವನು ಬಾಯಿ ಬಿಡುವವನೇ ಎಂದರು. ಇಷ್ಟು ದೊಡ್ಡ ಮೋಸಕ್ಕೆ ನಾಲ್ಕೇ ಸಾಲೇ ಎಂದರು. ‘ಹಾಸಿಗೆ ಹಿಡಿದ ನನ್ನ ತಾಯಿಗೆ ಪ್ರತಿ ತಿಂಗಳು ಓದಿ ಹೇಳುತ್ತಿದ್ದೆ. ಈಗ ಏನು ಓದಲಿ?’ ಎಂದು ಒಬ್ಬರು ಬರೆದರು. ಹನ್ನೊಂದು ಸಾವಿರ ಇದ್ದ ಓದುಗರು ಹದಿನೈದು ದಿನದಲ್ಲಿ ಎಂಟುನೂರಕ್ಕೆ ಇಳಿದರು. ಜನವರಿಗೆ ಸಂಪಾದಕರ ಹೆಸರು ಯಾವುದು ಹಾಕೋಣ ಎಂದು ಅಚ್ಚುಕೂಟದವರು ಕೇಳಿದಾಗ, ಹಳೆಯದೇ ಇರಲಿ ಎಂದು ಪಂಚಾಕ್ಷರಿಯೇ ಹೇಳಿದ.

ಒಂದು ಬೆಳಿಗ್ಗೆ ಅವನು ಹೊಳೆಯ ಮೆಟ್ಟಿಲ ಮೇಲೆ ಗುರುಗಳ ಪಕ್ಕದಲ್ಲಿ ಕೂತ.

“ಒಂದು ಪುಟ ಸಾಕಿತ್ತು, ಅಜ್ಜಾರ,” ಎಂದ. “ಆ ತಾಯಿ ಹುಡುಕ್ಕೊಂಡು ಬಂದದ್ದು. ದಿನ ಎಣಿಸಿದ್ದು. ಆ ಹುಡುಗ ಬಸ್ಸಿನ ಮಾತು ಕೇಳಿದ್ದು. ಒಂದು ಅಕ್ಷರ ಕೂಡಿಸೂದು ಬ್ಯಾಡ, ನಡದದ್ದು ನಡದಂಗ ಬರದು ಹಾಕಿದ್ರ ಬೈದವರೆಲ್ಲ ಕಣ್ಣೀರು ಹಾಕ್ತಿದ್ರು. ಅಂಥಾದ್ದು ನಾ ಇಲ್ಲೀತನಕ ಬರದಿಲ್ಲ. ಮುಂದ ಬರೀತೀನಿ ಅನ್ನೂದೂ ಇಲ್ಲ.”

“ಮತ್ತ ಯಾಕ ಬರೀಲಿಲ್ಲ?”

“‘ನಮ್ಮ ಮನಿ ಸುದ್ದಿ ನೀವು ಎಂದೂ ಎಲ್ಲೂ ಬರೀಬಾರದು’ ಅಂದ. ಆ ದಿನ ಅವ ಕೇಳಿದ್ದು ಅದೊಂದೇ, ಮಾತು ಕೊಟ್ಟು ಬಂದೀನಿ.”

ಗುರುಗಳು ನೀರಿನ ಕಡೆ ನೋಡುತ್ತಿದ್ದರು.

“ಮತ್ತೇನು, ಅದಕ್ಕಿಂತ ಕಡಿಮಿ ಕೇಳ್ತಾನಂತ ತಿಳ್ಕೊಂಡಿದ್ದೇನು?”