ಹೋರಿಯ ಗೊರಸು

ನನ್ನ ಅಕ್ಷರವೂ ಮಾತೂ ಒರಟು, ಓದುವವರು ಸಹಿಸಿಕೊಳ್ಳಬೇಕು.

ಕಲ್ಲುಕೊಡಲಿಯ ಕಾಲದಲ್ಲಿ ಮುದಿ ಹೋರಿಯೊಂದು, ತಾನು ಸತ್ತ ಮೇಲೂ ತನ್ನ ಗುರುತು ಉಳಿಯಬೇಕೆಂದು, ಕೊಡಲಿ ಮಸೆಯುವ ಬಂಡೆಯನ್ನು ಬಲವಾಗಿ ತುಳಿಯಿತು. ಗುರುತು ಬೀಳಲಿಲ್ಲ.

“ಕೊಡಲಿಗಳು ತಲೆಮಾರುಗಳಿಂದ ಉಜ್ಜಿದ್ದಕ್ಕೆ ನನ್ನಲ್ಲಿ ಈ ಗುಳಿ ಬಿದ್ದಿದೆ. ತಾವೂ ಉಜ್ಜುತ್ತಿರಿ,” ಎಂದಿತು ಬಂಡೆ.

“ನನಗೆ ಅಷ್ಟು ಆಯುಸ್ಸಿಲ್ಲ,” ಎಂದಿತು ಹೋರಿ.

ದೊಡ್ಡಿಯ ಸಗಣಿಗುಡ್ಡೆ ಕರೆಯಿತು: “ಒಡೆಯರೇ, ನನ್ನ ಮೇಲೆ ಹೆಜ್ಜೆಯಿಡಿ. ನಾನು ಕಾಪಾಡುತ್ತೇನೆ.”

“ನಾನು ಹಾಕಿದ ಸಗಣಿ ನನ್ನ ಹೆಸರು ಉಳಿಸುವುದೇ? ತೆಪ್ಪಗಿರು!” ಎಂದು ಹೋರಿ ಅದನ್ನು ತುಳಿದು ಹೋಯಿತು.

ಆ ಬೇಸಿಗೆಯಲ್ಲಿ ಹೋರಿ ಸತ್ತಿತು. ಜನರು ಸಗಣಿಗುಡ್ಡೆಗೆ ಬೆಂಕಿಯಿಟ್ಟರು; ತುಳಿದ ಸಗಣಿ ಸುಟ್ಟು ಕಲ್ಲಿನಂತೆ ಗಟ್ಟಿಯಾಯಿತು.

ಈಗ ಅಲ್ಲಿ ಬೂದಿದಿಬ್ಬವಿದೆ. ಅಗೆದವರಿಗೆ ಅದರೊಳಗೆ ಒಂದು ಗೊರಸಿನ ಗುರುತು ಸಿಕ್ಕಿತು.

“ಯಾರದಿದು?” ಎಂದು ಬಂಡೆ ಕೇಳಿತು.

“ನಮ್ಮ ಒಡೆಯರು ಸಿಟ್ಟಿನಲ್ಲಿ ಇಟ್ಟದ್ದು,” ಎಂದಿತು ಬೂದಿ.

ತಪ್ಪು ಬರೆದಿದ್ದರೆ ಕ್ಷಮಿಸಿ.